ವಂಶವೃಕ್ಷನಿರ್ಣಯದ ತಂತ್ರಾಂಶಗಳು: ಒಂದು ಚಾರಿತ್ರಿಕ ವಿಮರ್ಶೆ

ಎರಡು ಓಲೆಪ್ರತಿಗಳಲ್ಲಿ ಒಂದೇ ಅಪಪಾಠವು ಕಂಡುಬಂದರೆ ಅವು ಒಂದೇ ಮಾತೃಕೆಯಿಂದ ಇಳಿದುವೆಂದು ಊಹಿಸುವುದು ಗ್ರಂಥಸಂಪಾದಕರ ವಾಡಿಕೆ. ಆದರೆ ಪರಸ್ಪರ ಸಂಬಂಧವಿಲ್ಲದ ಇಬ್ಬರು ಲಿಪಿಕಾರರು ಒಂದೇ ತಪ್ಪನ್ನು ಮಾಡಿರಲೂಬಹುದು. ಡಿ.ಎನ್.ಎ. ಅಕ್ಷರಪಂಕ್ತಿಗಳನ್ನು ಸ್ಥಾನಕ್ಕೆ ಸ್ಥಾನ ಸರಿಹೊಂದುವಂತೆ ಜೋಡಿಸಿ, ಜೀವಿಗಳ ವಂಶಾವಳಿಯನ್ನು ನಿರ್ಣಯಿಸುವ ತಂತ್ರಾಂಶಗಳ ಚರಿತ್ರೆಯು ಬಹುಮಟ್ಟಿಗೆ ಈ ಸಂದೇಹದ ಚರಿತ್ರೆಯೇ ಆಗಿರುವುದು.

1964ರಲ್ಲಿ ಎಡ್ವರ್ಡ್ಸ್ ಮತ್ತು ಕವಾಲಿ-ಸ್ಫೋರ್ಜಾ ಎಂಬ ವಿದ್ವಾಂಸರು 15 ಮಾನವಸಮುದಾಯಗಳ ರಕ್ತಗುಂಪುಗಳಿಂದ ವಂಶವೃಕ್ಷವನ್ನು ರಚಿಸಿದರು. 1967ರಲ್ಲಿ ಫಿಚ್ ಮತ್ತು ಮಾರ್ಗೋಲಿಯಾಷ್ ಎಂಬವರು ಸೈಟೋಕ್ರೋಮ್-ಸಿ ಎಂಬ ಪ್ರೋಟೀನನ್ನು 20 ಜೀವಿಗಳಲ್ಲಿ ಹೋಲಿಸಿ ನೋಡಿದರು. ಈ ಕಾರ್ಯಕ್ಕೆ ಕೈಲೆಕ್ಕವು ಸಾಲದು. ಬೇರನ್ನು ಗುರುತಿಸದೆ ಎಣಿಸಿದರೂ, ಕೇವಲ 10 ಜೀವಿಗಳಿಗೆ 20,27,025 ವೃಕ್ಷಗಳು ಸಾಧ್ಯ. ಆದುದರಿಂದ ಗಣಕಯಂತ್ರವು ಅನಿವಾರ್ಯವಾಯಿತು.

ಇವುಗಳಲ್ಲಿ ಯಾವುದನ್ನು ಆರಿಸಬೇಕು? ಅತ್ಯಲ್ಪ ಬದಲಾವಣೆಗಳಿಂದ ಸಿದ್ಧಿಸುವ ವೃಕ್ಷವೇ ಗ್ರಾಹ್ಯವೆಂಬ ಲಾಘವಪಕ್ಷವು ಬಹುಜನರಿಗೆ ಸಮ್ಮತವಾಗಿದ್ದಿತು. 1978ರಲ್ಲಿ ಅಮೆರಿಕದ ಜೋಸೆಫ್ ಫೆಲ್ಸನ್‌ಸ್ಟೈನ್ ಅವರು ಇದಕ್ಕೆ ದೋಷವನ್ನು ತೋರಿಸಿದರು. ನಾಲ್ಕು ವಂಶಗಳಲ್ಲಿ ದೂರಸಂಬಂಧದ ಎರಡು ಮಾತ್ರ ಬಹು ವೇಗವಾಗಿ ಬದಲಾಗಿವೆಯೆಂದು ಭಾವಿಸೋಣ. ಅಕ್ಷರಗಳು ನಾಲ್ಕೇ ಆದುದರಿಂದ ಆ ಎರಡರಲ್ಲಿ ಆಕಸ್ಮಿಕ ಸಾಮ್ಯಗಳು ಹೆಚ್ಚುವುವು. ಲಾಘವಪಕ್ಷವು ಅವನ್ನು ಸೋದರರೆಂದು ಬಗೆಯುವುದು. ಇಂತಹ ಸಂದರ್ಭದಲ್ಲಿ ಸಾಮಗ್ರಿ ಹೆಚ್ಚಿದಷ್ಟೂ ತಪ್ಪೇ ದೃಢವಾಗುವುದೆಂಬುದು ವಿಚಾರಾರ್ಹವಾದ ಸಂಗತಿ.

ಬದಲಾವಣೆಯ ವೇಗವನ್ನೂ ಗಣನೆಗೆ ತಂದು, ಯಾವ ವೃಕ್ಷದಿಂದ ಈಗ ಕಾಣುವ ಪಂಕ್ತಿಗಳು ಉಂಟಾಗುವ ಸಂಭವವು ಅತ್ಯಧಿಕವೋ ಅದನ್ನು ಆರಿಸುವ ಕ್ರಮವನ್ನು ಅವರು 1981ರಲ್ಲಿ ಡಿ.ಎನ್.ಎ. ಪಂಕ್ತಿಗಳಿಗೆ ಅನ್ವಯಿಸಿದರು. 1980ರಿಂದ ಅವರು ಉಚಿತವಾಗಿ ಹಂಚಿದ ಫೈಲಿಪ್ ಎಂಬ ತಂತ್ರಾಂಶಸಮುಚ್ಚಯದ ಮೂಲಕ ಇಂತಹ ಕ್ರಮಗಳು ಲೋಕದ ಪ್ರಯೋಗಶಾಲೆಗಳಿಗೆ ತಲುಪಿದುವು. 1985ರಲ್ಲಿ ಅವರು ಇನ್ನೊಂದು ಪರೀಕ್ಷೆಯನ್ನು ಸೂಚಿಸಿದರು: ಪಂಕ್ತಿಗಳ ಸ್ಥಾನಗಳನ್ನು ಮನಬಂದಂತೆ ಮರಳಿ ಮರಳಿ ಆಯ್ದು, ವೃಕ್ಷವನ್ನು ನೂರಾರು ಬಾರಿ ಕಟ್ಟಿ, ಒಂದು ಕವಲು ಎಷ್ಟು ಸಲ ಮೂಡುವುದೆಂದು ಎಣಿಸುವುದು.

ಆದರೆ ಈ ಎಣಿಕೆಯೂ ಪರಮಪ್ರಮಾಣವಲ್ಲ. ಆಧಾರವಾದ ಕ್ರಮವೇ ದುಷ್ಟವಾಗಿದ್ದರೆ, ತಪ್ಪು ಕವಲು ನೂರಕ್ಕೆ ನೂರು ಸಲವೂ ಮೂಡಬಲ್ಲುದು. 1998ರಲ್ಲಿ ಚಾಸರ್ ಕವಿಯ ಕ್ಯಾಂಟರ್ಬರಿ ಕಥೆಗಳ ಹಸ್ತಪ್ರತಿಗಳಿಗೂ ಜೀವಶಾಸ್ತ್ರದ ಇಂತಹ ತಂತ್ರಾಂಶಗಳನ್ನು ಅನ್ವಯಿಸಲಾಯಿತು. ನಮ್ಮ ಓಲೆಪ್ರತಿಗಳಿಗೆ ಇವನ್ನು ಬಳಸುವವರು ಯಂತ್ರದೊಡನೆ ಈ ಎಚ್ಚರಿಕೆಯನ್ನೂ ಸ್ವೀಕರಿಸುವುದು ಯುಕ್ತ: ಸಾಮ್ಯವು ಸಂಬಂಧಕ್ಕೆ ಸೂಚನೆಯೇ ಹೊರತು ಸಿದ್ಧಪ್ರಮಾಣವಲ್ಲ.