ಮೊದಲ 10 ಪಂದ್ಯ ನೋಡಿ ಬೇಸ್‌ಬಾಲ್ ಚಾಂಪಿಯನ್ ಯಾರೆಂದು ಹೇಳಬಹುದೇ?

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಋತು ಮಾರ್ಚ್ ಕೊನೆಯಲ್ಲಿ ಶುರುವಾಗುತ್ತದೆ. ಎರಡು ವಾರ ಕಳೆಯುವಷ್ಟರಲ್ಲೇ ‘ಈ ತಂಡದ ಕಥೆ ಮುಗಿಯಿತು’, ‘ಈ ಸಲ ಕಪ್ ಇವರದ್ದೇ’ ಎಂಬ ಮಾತುಗಳು ಅಂಕಪಟ್ಟಿಯ ಸ್ಕ್ರೀನ್‌ಶಾಟ್ ಜೊತೆ ಹರಿದಾಡುತ್ತವೆ. ಇದರಲ್ಲಿ ನಿಜವೆಷ್ಟು? ನೋಡೋಣ.

ಲೆಕ್ಕ ಏನು ಹೇಳುತ್ತದೆ?

ಪ್ರತಿ ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. 10 ಪಂದ್ಯ ಎಂದರೆ ಅದರ ಶೇ. 6ರಷ್ಟು ಮಾತ್ರ. ಐಪಿಎಲ್‌ನಲ್ಲಿ ತಂಡವೊಂದು ಆಡುವ 14 ಲೀಗ್ ಪಂದ್ಯಗಳ ಲೆಕ್ಕದಲ್ಲಿ ಇದು ಒಂದು ಪಂದ್ಯಕ್ಕಿಂತಲೂ ಕಡಿಮೆ!

ಅದೃಷ್ಟದ ಪಾಲೂ ಇದೆ. ನಾಣ್ಯವನ್ನು 10 ಸಲ ಚಿಮ್ಮಿದರೆ, ಹೆಡ್ಸ್ 3 ಅಥವಾ ಅದಕ್ಕಿಂತ ಕಡಿಮೆ ಸಲ ಬೀಳುವ ಸಾಧ್ಯತೆ ಸುಮಾರು ಶೇ. 17. ಅಂದರೆ ಲೀಗ್‌ನ 30 ತಂಡಗಳೂ ಸಮಬಲದವೇ ಎಂದುಕೊಂಡರೂ, ಸುಮಾರು 5 ತಂಡಗಳು ಮೊದಲ 10ರಲ್ಲಿ ಮೂರಕ್ಕಿಂತ ಹೆಚ್ಚು ಗೆದ್ದಿರುವುದಿಲ್ಲ. ಇನ್ನು 5 ತಂಡಗಳು ಏಳು ಅಥವಾ ಹೆಚ್ಚು ಗೆದ್ದಿರುತ್ತವೆ. ಅವು ಕೆಟ್ಟ ತಂಡಗಳೂ ಅಲ್ಲ, ಇವು ಶ್ರೇಷ್ಠ ತಂಡಗಳೂ ಅಲ್ಲ.

ಇತಿಹಾಸ ಏನು ಹೇಳುತ್ತದೆ?

1987ರಲ್ಲಿ ಮಿಲ್ವಾಕಿ ಬ್ರೂವರ್ಸ್ ಮೊದಲ 13 ಪಂದ್ಯಗಳನ್ನೂ ಗೆದ್ದಿತು. ಆದರೂ ಪ್ಲೇ ಆಫ್‌ಗೆ ಹೋಗಲಿಲ್ಲ. 2019ರಲ್ಲಿ ವಾಷಿಂಗ್ಟನ್ ನ್ಯಾಷನಲ್ಸ್ ಮೊದಲ 50 ಪಂದ್ಯಗಳಲ್ಲಿ 31 ಸೋತಿತ್ತು. ಆ ವರ್ಷದ ವರ್ಲ್ಡ್ ಸೀರೀಸ್ ಗೆದ್ದದ್ದು ಅದೇ ತಂಡ!

ಹಾಗಾದರೆ ಏಪ್ರಿಲ್ ಲೆಕ್ಕಕ್ಕೇ ಇಲ್ಲವೇ?

ಖಂಡಿತ ಇದೆ. ಏಪ್ರಿಲ್ ಗೆಲುವಿಗೂ ಸೆಪ್ಟೆಂಬರ್ ಗೆಲುವಿಗೂ ಬೆಲೆ ಒಂದೇ. 2011ರಲ್ಲಿ ಬೋಸ್ಟನ್ ರೆಡ್ ಸಾಕ್ಸ್ ಮೊದಲ 6 ಪಂದ್ಯ ಸೋತು, ಕೊನೆಗೆ 90 ಗೆಲುವಿಗೆ ನಿಂತಿತು. 91 ಗೆದ್ದ ಟ್ಯಾಂಪಾ ಬೇ ರೇಸ್ ಪ್ಲೇ ಆಫ್‌ಗೆ ಹೋಯಿತು. ಸೆಪ್ಟೆಂಬರ್‌ನ ಸೋಲುಗಳನ್ನೇ ಎಲ್ಲರೂ ದೂರಿದರು. ಆದರೆ ಏಪ್ರಿಲ್‌ನ ಒಂದು ಗೆಲುವು ಸೇರಿದ್ದರೂ ಬೋಸ್ಟನ್ ಸಮಬಲಕ್ಕೆ ಬರುತ್ತಿತ್ತು. ತಮಾಷೆಯೆಂದರೆ, ಆ ಟ್ಯಾಂಪಾ ಬೇ ಕೂಡ ಮೊದಲ 6 ಪಂದ್ಯ ಸೋತೇ ಶುರು ಮಾಡಿತ್ತು!

ಆರಂಭ ವಿಪರೀತವಾಗಿದ್ದರೆ ಮಾತು ಬೇರೆ. 1984ರಲ್ಲಿ ಡೆಟ್ರಾಯಿಟ್ ಟೈಗರ್ಸ್ ಮೊದಲ 40ರಲ್ಲಿ 35 ಗೆದ್ದು ಚಾಂಪಿಯನ್ ಆಯಿತು. 1988ರಲ್ಲಿ ಸತತ 21 ಸೋಲಿನಿಂದ ಆರಂಭಿಸಿದ ಬಾಲ್ಟಿಮೋರ್ ಓರಿಯೋಲ್ಸ್ ಇಡೀ ಋತುವಿನಲ್ಲಿ ಗೆದ್ದದ್ದು 54 ಮಾತ್ರ.

ನಮ್ಮ ತೀರ್ಮಾನ

ಆರಂಭದ ಗೆಲುವು ಅಂಕಪಟ್ಟಿಯಲ್ಲಿ ಉಳಿಯುತ್ತದೆ, ಆದರೆ ತಂಡದ ಭವಿಷ್ಯ ಹೇಳುವುದಿಲ್ಲ. ಇಂಥ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಒಂದೇ ಪ್ರಶ್ನೆ ಕೇಳಿ: ಇನ್ನೂ ಎಷ್ಟು ಪಂದ್ಯ ಬಾಕಿ ಇವೆ?