ಬರದ ಸೀಮೆಯೂ ಅದರ ಕಾವಲುಗಳೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ಕನ್ನಡನಾಡಿನಲ್ಲಿ ಅತ್ಯಲ್ಪ ಮಳೆ ಬೀಳುವ ಪ್ರದೇಶಗಳ ಸಾಲಿಗೆ ಸೇರಿದವು. ವರ್ಷಕ್ಕೆ ಬೀಳುವ ಸುಮಾರು 20 ಇಂಚು ಮಳೆಯೂ ನಿಯತವಾದುದಲ್ಲ. ಆದರೂ ಇಲ್ಲಿಯ ಜನವಸತಿ ಬಹು ಪುರಾತನವಾದುದೆಂಬುದಕ್ಕೆ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಕಂಡುಹಿಡಿದ ಅಶೋಕನ ಶಾಸನಗಳೇ ಸಾಕ್ಷಿ. ಇಷ್ಟು ಕೊಂಚ ನೀರಿನಲ್ಲಿ ಜನರು ಬಾಳಿಬಂದ ಬಗೆ ಎಂತಹುದು?

ಇಲ್ಲಿಯವರು ಹೊಲವೊಂದನ್ನೇ ನೆಚ್ಚಿ ಕುಳಿತವರಲ್ಲ. ಮ್ಯಾಸಬೇಡರೂ ಕಾಡುಗೊಲ್ಲರೂ ದನಕುರಿಗಳನ್ನೇ ಐಶ್ವರ್ಯವೆಂದೆಣಿಸಿದರು. ಮಳೆ ಬಿದ್ದ ಕಡೆಗೆ ಹಿಂಡು ನಡೆಯಬಲ್ಲುದು, ಹೊಲ ನಡೆಯಲಾರದು. ಮೈಸೂರು ಅರಸರ ಅಮೃತಮಹಲ್ ರಾಸುಗಳಿಗೆಂದು ಮೀಸಲಾದ ಕಾವಲುಗಳು ಈ ಬಾಳ್ವೆಗೆ ಆಸರೆಯಾದವು. ದೇವರ ಎತ್ತುಗಳನ್ನು ಕಿಲಾರಿಗಳು ಕಾಯುವ ಪದ್ಧತಿ ಇಂದಿಗೂ ಉಂಟು.

ಬರವೆಂಬುದು ಈ ನಾಡಿಗೆ ಹೊಸತಲ್ಲ. ಧಾತು, ಈಶ್ವರ ಸಂವತ್ಸರಗಳ ಘೋರಕ್ಷಾಮವು (1876-78) ಮೈಸೂರು ಸಂಸ್ಥಾನವನ್ನೇ ತಲ್ಲಣಗೊಳಿಸಿತು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕೆ ಇಳಿಯಿತು. ಆಗ ಶಾಂತಸಾಗರದ ನೀರು ಅಸಾಧಾರಣವಾಗಿ ಕಾದು, ಮುಂಗಾರು ಸೋತಿತೆಂದು ವಿಜ್ಞಾನಿಗಳು ಈಗ ತಿಳಿದಿದ್ದಾರೆ. ಅದು ನಿಸರ್ಗದ ಏರಿಳಿತ. ಈಗಿನದು ಬೇರೆ. ಕಲ್ಲಿದ್ದಲು, ತೈಲಗಳನ್ನು ಸುಟ್ಟುದರಿಂದ ವಾಯುಮಂಡಲದಲ್ಲಿ ಅಂಗಾರಾಮ್ಲವು ದಶಲಕ್ಷಕ್ಕೆ 280 ಪಾಲಿನಿಂದ 420ನ್ನು ಮೀರಿದೆ. ಭೂಮಿಯ ಸರಾಸರಿ ಉಷ್ಣತೆಯು ಒಂದು ಡಿಗ್ರಿಗಿಂತ ಅಧಿಕವಾಗಿ ಏರಿದೆ. ಕಾದ ಗಾಳಿಯು ನೆಲದ ತೇವವನ್ನು ಬೇಗ ಹೀರುತ್ತದೆ. ಸುರಿಯುವಾಗ ಒಮ್ಮೆಲೇ ಸುರಿಸುತ್ತದೆ. ಬರವೂ ನೆರೆಯೂ ಒಂದೇ ಕಾರಣದ ಮಕ್ಕಳಾಗುವುದು ಹೀಗೆ.

1907ರಲ್ಲಿ ಮುಗಿದ ವೇದಾವತಿಯ ಮಾರಿಕಣಿವೆ ಕಟ್ಟೆಯು 1933ರಲ್ಲಿ ಕೋಡಿ ಹರಿದ ಬಳಿಕ ಮತ್ತೆ ಹರಿದುದು 89 ವರ್ಷಗಳ ಮೇಲೆ, 2022ರಲ್ಲಿ. ಒಂದು ವರ್ಷದ ಮಳೆಯಿಂದ ಹವಾಗುಣದ ಗತಿಯನ್ನು ನಿರ್ಣಯಿಸಲಾಗದು. ಆದರೆ ತುಂಬಿದ ವರ್ಷವೊಂದನ್ನು ನಂಬಿ ಮುಂದಿನ ಬರವನ್ನು ಮರೆಯಲೂ ಆಗದು.

ಮೂಲ ಪರಿಹಾರವು ಲೋಕದ ಕೈಯಲ್ಲಿದೆ: ಹೊಗೆ ತಗ್ಗಬೇಕು. ನೆರೆಯ ಪಾವಗಡದಲ್ಲಿ ಸೂರ್ಯನ ಬಿಸಿಲಿನಿಂದಲೇ 2,000 ಮೆಗಾವಾಟಿಗೂ ಮಿಕ್ಕ ವಿದ್ಯುತ್ತನ್ನು ಉತ್ಪಾದಿಸಬಲ್ಲ ಸ್ಥಾವರವು ನೆಲೆಗೊಂಡಿದೆ. ಊರಿನ ಕೈಯಲ್ಲಿರುವುದೂ ಅಲ್ಪವಲ್ಲ. ಕೆರೆಗಳ ಹೂಳೆತ್ತುವುದು, ಕಡಲೆಕಾಯಿಯೊಂದನ್ನೇ ನೆಚ್ಚದೆ ಸಜ್ಜೆ, ನವಣೆ, ಹುರುಳಿಗಳನ್ನೂ ಬಿತ್ತುವುದು, ಎಲ್ಲಕ್ಕೂ ಮಿಗಿಲಾಗಿ ಕಾವಲುಗಳನ್ನು ಉಳಿಸುವುದು. ಈ ಶತಮಾನದಲ್ಲಿ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ನೆಲವು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಗಿ, ಬೇಲಿಯೊಳಗೆ ಸೇರಿದೆ. ಆ ಸಂಸ್ಥೆಗಳ ಉಪಯೋಗವನ್ನು ಅಲ್ಲಗಳೆಯುವವರಿಲ್ಲ. ಆದರೆ ಬರಿದಾಗಿ ಕಾಣುವ ಹುಲ್ಲುನೆಲವು ಬಂಜರಲ್ಲ. ಅದರ ಬೇರು ಅಂಗಾರವನ್ನು ಮಣ್ಣಿನಲ್ಲಿ ಹಿಡಿದಿಡುತ್ತದೆ, ಅದರ ಹುಲ್ಲು ಮಳೆ ತಪ್ಪಿದ ವರ್ಷ ಹಿಂಡನ್ನು ಕಾಯುತ್ತದೆ. ಬರಗಾಲಕ್ಕೆಂದು ಹಿರಿಯರು ಉಳಿಸಿದ ಕಣಜವದು. ಬರಗಳು ಹೆಚ್ಚುವ ಕಾಲದಲ್ಲಿ ಕಣಜವನ್ನು ಕಿರಿದುಮಾಡುವುದು ವಿವೇಕವೆನಿಸದು.