‘ಮದುವೆ ತನಕ ಬೇಡ’ – ಒಂದೇ ಸಾಲಿನ ಪಾಠದ ಇತಿಹಾಸ

ಲೈಂಗಿಕ ಶಿಕ್ಷಣ ಅಂತ ಬಾಯಿಬಿಟ್ಟರೆ ಸಾಕು, ನಮ್ಮಲ್ಲಿ ಮಾತು ಎರಡೇ ನಿಮಿಷದಲ್ಲಿ "ಅದೆಲ್ಲ ಪಾಶ್ಚಾತ್ಯರ ಸಂಸ್ಕೃತಿ, ನಮಗ್ಯಾಕೆ?" ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ತಮಾಷೆ ಏನಪ್ಪಾ ಅಂದರೆ, ಅಮೆರಿಕದಲ್ಲಿ ಇದೇ ಜಗಳ ನೂರು ವರ್ಷಕ್ಕೂ ಹಿಂದೆ ಶುರುವಾಗಿದ್ದು ಇನ್ನೂ ಮುಗಿದಿಲ್ಲ. "ಮದುವೆ ತನಕ ಬೇಡ" ಅನ್ನುವುದೊಂದನ್ನೇ ಮಕ್ಕಳಿಗೆ ಕಲಿಸಿ ಅಂತ ಅಲ್ಲಿನ ಕೇಂದ್ರ ಸರ್ಕಾರವೇ ಕಾನೂನು ಮಾಡಿತು, ದುಡ್ಡು ಸುರಿಯಿತು, ಕೊನೆಗೆ ಆ ಪಾಠ ಕೆಲಸ ಮಾಡುತ್ತದೋ ಇಲ್ಲವೋ ಅಂತ ಪರೀಕ್ಷೆಯನ್ನೂ ಮಾಡಿಸಿತು.

ನಾನು ಡಾಕ್ಟರೂ ಅಲ್ಲ, ಮೇಷ್ಟ್ರೂ ಅಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಆದರೆ ಯಾರಾದರೂ ತಾವು ಮಾಡಿದ ಕೆಲಸವನ್ನು ಕೂತು ಅಳೆದು ನೋಡಿದ್ದಾರೆ ಅಂದರೆ ನನಗೆ ಕುತೂಹಲ. ಹಾಗಾಗಿ ಈ ಲೇಖನ. ಸ್ವಲ್ಪ ಉದ್ದ ಆಗಿದೆ, ಸಹಿಸಿಕೊಳ್ಳಿ :)

ಮೊದಲಿನಿಂದ ಹೇಳುತ್ತೇನೆ. 1913ರಲ್ಲಿ ಶಿಕಾಗೋ ನಗರದ ಶಾಲೆಗಳ ಮುಖ್ಯಸ್ಥೆಯಾಗಿದ್ದವರು ಎಲ್ಲಾ ಫ್ಲ್ಯಾಗ್ ಯಂಗ್ ಎಂಬ ಮಹಿಳೆ. ಹೈಸ್ಕೂಲು ಮಕ್ಕಳಿಗೆ ವೈದ್ಯರಿಂದ ಈ ವಿಷಯದ ಬಗ್ಗೆ ಉಪನ್ಯಾಸ ಕೊಡಿಸಿದರು. ಆಗ ಸಿಫಿಲಿಸ್, ಗೊನೋರಿಯಾದಂಥ ಗುಹ್ಯರೋಗಗಳ ಭಯ ಇದ್ದ ಕಾಲ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಆದರೂ ವಿರೋಧ ಎಷ್ಟು ಜೋರಾಗಿ ಬಂತೆಂದರೆ ಆ ಪ್ರಯೋಗ ಹೆಚ್ಚು ದಿನ ಬಾಳಲಿಲ್ಲ. 1964ರಲ್ಲಿ ಮೇರಿ ಕಾಲ್ಡರೋನ್ ಎಂಬ ವೈದ್ಯೆ ಲೈಂಗಿಕ ಶಿಕ್ಷಣಕ್ಕಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಕಟ್ಟಿದರು. ನಾಲ್ಕೈದು ವರ್ಷದಲ್ಲೇ ಕ್ಯಾಲಿಫೋರ್ನಿಯಾದ ಅನಹೈಮ್ ಎಂಬ ಊರಿನಲ್ಲಿ ದೊಡ್ಡ ಗಲಾಟೆ. ಇದು ಕಮ್ಯುನಿಸ್ಟರ ಪಿತೂರಿ ಅನ್ನುವವರೆಗೂ ಹೋಯಿತು. ನಮ್ಮಲ್ಲಿ ಪಾಶ್ಚಾತ್ಯರ ಪಿತೂರಿ ಅಂತೀವಿ, ಅಲ್ಲಿ ಕಮ್ಯುನಿಸ್ಟರದ್ದು. ಒಟ್ಟಿನಲ್ಲಿ ಪಿತೂರಿ ಯಾವತ್ತೂ ಹೊರಗಿನವರದ್ದೇ!

ಅಲ್ಲಿಯವರೆಗೆ ಜಗಳ ಇದ್ದದ್ದು "ಕಲಿಸಬೇಕೋ ಬೇಡವೋ" ಅಂತ. 1981ರಲ್ಲಿ ಪ್ರಶ್ನೆಯೇ ಬದಲಾಯಿತು. ರೇಗನ್ ಅಧ್ಯಕ್ಷರಾಗಿದ್ದಾಗ ಜೆರೆಮಯಾ ಡೆಂಟನ್ ಮತ್ತು ಆರಿನ್ ಹ್ಯಾಚ್ ಎಂಬ ಸೆನೆಟರ್‌ಗಳು ತಂದ ಕಾನೂನಿನ ಮೂಲಕ, ಹದಿಹರೆಯದವರಿಗೆ ಸಂಯಮ ಬೋಧಿಸುವ ಕಾರ್ಯಕ್ರಮಗಳಿಗೆ ಮೊದಲ ಬಾರಿಗೆ ಕೇಂದ್ರದ ಹಣ ಸಿಕ್ಕಿತು. ವಿರೋಧಿಗಳು ಅದಕ್ಕೆ 'ಪಾತಿವ್ರತ್ಯ ಕಾಯ್ದೆ' ಅನ್ನುವ ಧಾಟಿಯ ಅಡ್ಡಹೆಸರು ಇಟ್ಟರು. ಕಲಿಸಿ, ಆದರೆ ನಾವು ಹೇಳಿದ್ದನ್ನೇ ಕಲಿಸಿ ಎಂಬ ಹೊಸ ದಾರಿ ಇದು. ಅದೇ 1981ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಐದು ಜನ ಯುವಕರ ವಿಚಿತ್ರ ನ್ಯುಮೋನಿಯಾ ಬಗ್ಗೆ ಒಂದು ಚಿಕ್ಕ ವರದಿ ಪ್ರಕಟವಾಯಿತು. ಅದು ಏಡ್ಸ್ ಬಗ್ಗೆ ಬಂದ ಮೊದಲ ವೈದ್ಯಕೀಯ ವರದಿ.

ಇಲ್ಲಿ ಒಬ್ಬರ ಬಗ್ಗೆ ಹೇಳಲೇಬೇಕು. ಎವರೆಟ್ ಕೂಪ್. ಮಕ್ಕಳ ಶಸ್ತ್ರಚಿಕಿತ್ಸಕ, ಗಡ್ಡದ ಅಜ್ಜ, ಕಟ್ಟಾ ಕ್ರೈಸ್ತ ಸಂಪ್ರದಾಯವಾದಿ, ಗರ್ಭಪಾತದ ವಿರೋಧಿ. ರೇಗನ್ ಅವರನ್ನು ದೇಶದ ಸರ್ಜನ್ ಜನರಲ್ ಮಾಡಿದಾಗ ಸಂಪ್ರದಾಯವಾದಿಗಳೆಲ್ಲ ಸಂತೋಷಪಟ್ಟರು. 1986ರಲ್ಲಿ ಅವರ ಏಡ್ಸ್ ವರದಿ ಬಂತು ನೋಡಿ, ಅದೇ ಜನ ಬೆಚ್ಚಿಬಿದ್ದರು. ಸಂಯಮ ಮತ್ತು ಒಬ್ಬರಿಗೊಬ್ಬರು ನಿಷ್ಠರಾಗಿರುವುದೇ ಎಲ್ಲಕ್ಕಿಂತ ಸುರಕ್ಷಿತ, ಅದು ಆಗದವರಿಗೆ ಕಾಂಡೋಮ್, ಮತ್ತು ಮಕ್ಕಳಿಗೆ ಚಿಕ್ಕ ವಯಸ್ಸಿನಿಂದಲೇ ಶಾಲೆಯಲ್ಲಿ ತಿಳಿವಳಿಕೆ ಕೊಡಬೇಕು ಅಂತ ಬರೆದಿದ್ದರು. 1988ರಲ್ಲಿ ಏಡ್ಸ್ ಬಗ್ಗೆ ಒಂದು ಕಿರುಪುಸ್ತಿಕೆ ಸುಮಾರು 10.7 ಕೋಟಿ ಮನೆಗಳಿಗೆ ಅಂಚೆಯಲ್ಲಿ ಹೋಯಿತು. ಕೂಪ್ ತಮ್ಮ ನಂಬಿಕೆಯನ್ನು ಬಿಡಲಿಲ್ಲ, ಆದರೆ ಅದನ್ನು ಉಳಿಸಿಕೊಳ್ಳಲು ಮಾಹಿತಿ ಮುಚ್ಚಿಡುವ ಅಗತ್ಯವೂ ಅವರಿಗೆ ಕಾಣಲಿಲ್ಲ. ಈ ಇಡೀ ಇತಿಹಾಸದಲ್ಲಿ ನನಗೆ ಹೆಚ್ಚು ಇಷ್ಟವಾದ ಮನುಷ್ಯ ಇವರೇ.

ಎಲ್ಲರೂ ಕೂಪ್ ಆಗುವುದಿಲ್ಲವಲ್ಲ. 1993ರಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಚರ್ಚಿನವರು ಮದುವೆವರೆಗೆ ಕಾಯುತ್ತೇವೆ ಎಂದು ಮಕ್ಕಳಿಂದ ಪ್ರತಿಜ್ಞೆ ಮಾಡಿಸುವ ಚಳವಳಿ ಶುರುಮಾಡಿದರು. 1994ರ ಬೇಸಿಗೆಯಲ್ಲಿ ಸಹಿ ಮಾಡಿದ ಎರಡು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ವಾಷಿಂಗ್ಟನ್ನಿನ ಮೈದಾನದಲ್ಲಿ ನೆಟ್ಟರು. ಅದೇ ವರ್ಷದ ಡಿಸೆಂಬರಿನಲ್ಲಿ ಸರ್ಜನ್ ಜನರಲ್ ಜಾಯ್ಸಲಿನ್ ಎಲ್ಡರ್ಸ್ ಕೆಲಸ ಕಳೆದುಕೊಂಡರು. ಹಸ್ತಮೈಥುನದ ಬಗ್ಗೆಯೂ ಮಕ್ಕಳಿಗೆ ತಿಳಿಸಬಹುದೇನೋ ಎಂಬ ಅರ್ಥ ಬರುವಂತೆ ಒಂದು ಪ್ರಶ್ನೆಗೆ ಉತ್ತರಿಸಿದ್ದೇ ಅದಕ್ಕೆ ಕಾರಣ. ತೆಗೆದವರು ಕ್ಲಿಂಟನ್.

1996ರ ಆಗಸ್ಟಿನಲ್ಲಿ ಅದೇ ಕ್ಲಿಂಟನ್ ಬಡವರ ನೆರವಿಗೆ ಸಂಬಂಧಪಟ್ಟ ಒಂದು ದೊಡ್ಡ ಮಸೂದೆಗೆ ಸಹಿ ಹಾಕಿದರು. ಅದರೊಳಗೆ ಹೆಚ್ಚು ಚರ್ಚೆಯಿಲ್ಲದೆ ಒಂದು ಸಣ್ಣ ಭಾಗ ಸೇರಿಕೊಂಡಿತ್ತು. ಐದು ವರ್ಷ, ವರ್ಷಕ್ಕೆ 5 ಕೋಟಿ ಡಾಲರ್. ಕೇಂದ್ರ ಕೊಡುವ ಪ್ರತಿ 4 ಡಾಲರಿಗೆ ರಾಜ್ಯ 3 ಡಾಲರ್ ಹಾಕಬೇಕು. ಯಾವ ಪಾಠಕ್ಕೆ ಈ ದುಡ್ಡು ಅನ್ನುವುದಕ್ಕೆ ಎಂಟು ಅಂಶಗಳ ಒಂದು ಸ್ಪೆಕ್. ಸಂಯಮದ ಲಾಭ ತಿಳಿಸುವುದೊಂದೇ ಪಾಠದ ಉದ್ದೇಶ ಆಗಿರಬೇಕು. ಮದುವೆಯೊಳಗಿನ ಸಂಬಂಧವೇ ಎಲ್ಲರಿಗೂ ಮಾನದಂಡ. ಮದುವೆಯ ಹೊರಗಿನ ಸಂಬಂಧದಿಂದ ದೇಹಕ್ಕೂ ಮನಸ್ಸಿಗೂ ಹಾನಿಯಾಗುವ ಸಂಭವ ಇದೆ. ಹೀಗೆ. ಎಂಟರಲ್ಲಿ ಒಳ್ಳೆಯ ಅಂಶಗಳೂ ಇದ್ದವು, ಒತ್ತಾಯ ಮಾಡುವವರಿಗೆ 'ಬೇಡ' ಅನ್ನುವುದು ಹೇಗೆ ಅಂತ ಕಲಿಸುವುದು ಅದರಲ್ಲೊಂದು. ಆದರೆ ಕಾಂಡೋಮ್, ಮಾತ್ರೆಗಳ ವಿಷಯ ಬಂದರೆ ಅವು ಹೇಗೆ ಕೈಕೊಡುತ್ತವೆ ಅನ್ನುವುದನ್ನಷ್ಟೇ ಹೇಳುವಂತಾಯಿತು.

ಬಿಟ್ಟಿ ದುಡ್ಡು ಯಾರಿಗೆ ಬೇಡ? ಕ್ಯಾಲಿಫೋರ್ನಿಯಾ ಬಿಟ್ಟು ಉಳಿದ ರಾಜ್ಯಗಳೆಲ್ಲ ಒಂದಲ್ಲ ಒಂದು ಸಮಯದಲ್ಲಿ ಈ ಹಣ ತೆಗೆದುಕೊಂಡವು. ಕ್ಯಾಲಿಫೋರ್ನಿಯಾ ಯಾಕೆ ಬೇಡ ಅಂದಿತು ಗೊತ್ತೇ? ಅವರು 1992ರಲ್ಲೇ ಇಂಥದ್ದೊಂದು ಕಾರ್ಯಕ್ರಮ ಮಾಡಿ, ಪರೀಕ್ಷಿಸಿ, ಪ್ರಯೋಜನ ಕಾಣದೆ 1996ರಲ್ಲಿ ನಿಲ್ಲಿಸಿದ್ದರು.

ಬುಷ್ ಕಾಲದಲ್ಲಿ ಹಣ ಇನ್ನೂ ಹೆಚ್ಚಾಯಿತು. 2004ರಲ್ಲಿ ಸಂಸದ ಹೆನ್ರಿ ವ್ಯಾಕ್ಸ್‌ಮನ್ ಅವರ ಸಿಬ್ಬಂದಿ, ಕೇಂದ್ರದ ಹಣದಲ್ಲಿ ನಡೆಯುತ್ತಿದ್ದ ಹೆಚ್ಚು ಬಳಕೆಯ 13 ಪಠ್ಯಗಳನ್ನು ತೆಗೆದು ಓದಿದರು. 11ರಲ್ಲಿ ತಪ್ಪು ಅಥವಾ ದಾರಿತಪ್ಪಿಸುವ ಮಾಹಿತಿ. ಬೆವರು, ಕಣ್ಣೀರಿನಿಂದಲೂ ಎಚ್‌ಐವಿ ಹರಡುವ ಅಪಾಯವಿದೆ ಅಂತ ಒಂದು ಪುಸ್ತಕದಲ್ಲಿತ್ತು. ಇನ್ನೊಂದರಲ್ಲಿ ಮಗುವಿಗೆ ತಂದೆತಾಯಿಯರಿಂದ ತಲಾ 24 ಕ್ರೋಮೋಸೋಮ್ ಬರುತ್ತವಂತೆ! (23 ಅಂತ ನಮ್ಮ ಎಸ್‌ಎಸ್‌ಎಲ್‌ಸಿ ಹುಡುಗರೂ ಹೇಳ್ತಾರೆ.)

ಈಗ ಪರೀಕ್ಷೆಯ ವಿಷಯ. ಕಾರ್ಯಕ್ರಮವನ್ನು ಅಳೆದು ನೋಡಬೇಕು ಅಂತ ಅಮೆರಿಕದ ಸಂಸತ್ತೇ 1997ರಲ್ಲಿ ಹಣ ಇಟ್ಟಿತ್ತು. ಮ್ಯಾಥಮ್ಯಾಟಿಕಾ ಎಂಬ ಸಂಶೋಧನಾ ಸಂಸ್ಥೆ ವರ್ಜೀನಿಯಾ, ಫ್ಲಾರಿಡಾ, ವಿಸ್ಕಾನ್ಸಿನ್, ಮಿಸಿಸಿಪ್ಪಿ ರಾಜ್ಯಗಳಲ್ಲಿ ಒಂದೊಂದರಂತೆ ನಾಲ್ಕು ಕಾರ್ಯಕ್ರಮ ಆರಿಸಿಕೊಂಡಿತು. 2,057 ಮಕ್ಕಳು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು: 1,209 ಮಕ್ಕಳಿಗೆ ಈ ಪಾಠ, 848 ಮಕ್ಕಳಿಗೆ ಇಲ್ಲ. ನಾವು ಸಾಫ್ಟ್‌ವೇರಿನವರು ಒಂದು ಬಟನ್ನಿನ ಬಣ್ಣ ಬದಲಾಯಿಸುವಾಗಲೂ ಮಾಡುವುದು ಇದೇ ತರದ ಪರೀಕ್ಷೆ. ನಾಲ್ಕರಿಂದ ಆರು ವರ್ಷ ಬಿಟ್ಟು ಮತ್ತೆ ಹೋಗಿ ಕೇಳಿದರು.

2007ರ ಏಪ್ರಿಲ್‌ನಲ್ಲಿ ಫಲಿತಾಂಶ ಬಂತು. ಪಾಠ ಕೇಳಿದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಇನ್ನೂ ಸಂಯಮದಿಂದ ಇದ್ದರು. ಕೇಳದವರಲ್ಲೂ ಸುಮಾರು ಅರ್ಧ. ಉಳಿದವರ ಮೊದಲ ಅನುಭವದ ಸರಾಸರಿ ವಯಸ್ಸು ಎರಡೂ ಗುಂಪಿನಲ್ಲಿ 14.9. ಅಷ್ಟು ವರ್ಷ, ಅಷ್ಟು ಹಣ, ಎರಡು ಗುಂಪಿನ ನಡುವೆ ವ್ಯತ್ಯಾಸವೇ ಇಲ್ಲ. ನ್ಯಾಯವಾಗಿ ಇನ್ನೊಂದು ಮಾತೂ ಹೇಳಬೇಕು. ಈ ಪಾಠದಿಂದ ಮಕ್ಕಳು ಕಾಂಡೋಮ್ ಬಿಟ್ಟುಬಿಡುತ್ತಾರೆ ಅನ್ನುವ ವಿರೋಧಿಗಳ ಭಯವೂ ಆ ಅಧ್ಯಯನದಲ್ಲಿ ನಿಜವಾಗಲಿಲ್ಲ.

ಪ್ರತಿಜ್ಞೆ ಮಾಡಿದವರ ಕಥೆ ಬೇರೆ. ಪೀಟರ್ ಬೇರ್‌ಮನ್ ಮತ್ತು ಹ್ಯಾನಾ ಬ್ರುಕ್ನರ್ 2001ರಲ್ಲಿ ಬರೆದ ಪ್ರಬಂಧದ ಪ್ರಕಾರ ಕೆಲವು ಸಂದರ್ಭಗಳಲ್ಲಿ ಪ್ರತಿಜ್ಞೆ ಸುಮಾರು ಒಂದೂವರೆ ವರ್ಷ ತಡಮಾಡಿಸುತ್ತಿತ್ತು. ಆದರೆ ಮುರಿದವರು ಮೊದಲ ಸಲ ಯಾವ ರಕ್ಷಣೆಯನ್ನೂ ಬಳಸದಿರುವ ಸಾಧ್ಯತೆ ಹೆಚ್ಚು. 2009ರಲ್ಲಿ ಜಾನೆಟ್ ರೋಸನ್‌ಬಾಮ್ ಇನ್ನೂ ಬಿಗಿಯಾಗಿ ಹೋಲಿಸಿ ನೋಡಿದರು. ಐದು ವರ್ಷದ ನಂತರ ಎರಡೂ ಕಡೆಯವರ ನಡವಳಿಕೆ ಒಂದೇ, ರಕ್ಷಣೆ ಬಳಸುವುದರಲ್ಲಿ ಮಾತ್ರ ಪ್ರತಿಜ್ಞೆಯವರು ಹಿಂದೆ. ಅವರಲ್ಲಿ ಶೇಕಡಾ 82 ಮಂದಿ ತಾವು ಪ್ರತಿಜ್ಞೆ ಮಾಡಿಯೇ ಇಲ್ಲ ಅಂದುಬಿಟ್ಟಿದ್ದರು! ನಗು ಬರುತ್ತೆ, ಆದರೆ ಯೋಚಿಸಿ. ಮಾಡುವುದಿಲ್ಲ ಅಂತ ಎಲ್ಲರೆದುರು ಹೇಳಿದ ಹುಡುಗಿ ಮೆಡಿಕಲ್ ಸ್ಟೋರಿಗೆ ಹೋಗಿ ಏನಂತ ಕೇಳಿಯಾಳು?

ಹಾಗಾದರೆ ಕಾಯಿರಿ ಅನ್ನುವುದೇ ತಪ್ಪಾ? ಇಲ್ಲಿದೆ ನೋಡಿ ನಿಜವಾದ ಸ್ವಾರಸ್ಯ. 2010ರಲ್ಲಿ ಜಾನ್ ಜೆಮಟ್ ಎಂಬ ಸಂಶೋಧಕರು ಹನ್ನೆರಡರ ಆಸುಪಾಸಿನ 662 ಕಪ್ಪು ಮಕ್ಕಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಸಂಯಮದ ಪಾಠ ಕೇಳಿದವರಲ್ಲಿ ಎರಡು ವರ್ಷದಲ್ಲಿ ಲೈಂಗಿಕ ಸಂಬಂಧಕ್ಕೆ ತೊಡಗಿದವರು ಮೂರನೇ ಒಂದು ಭಾಗ. ಬರೀ ಸಾಮಾನ್ಯ ಆರೋಗ್ಯದ ಪಾಠ ಕೇಳಿದವರಲ್ಲಿ ಅರ್ಧದ ಹತ್ತಿರ. ಅಂದರೆ ಕೆಲಸ ಮಾಡಿತು! ಆದರೆ ಆ ಪಾಠ 1996ರ ಸ್ಪೆಕ್ಕಿಗೆ ಹೊಂದುತ್ತಲೇ ಇರಲಿಲ್ಲ. ಅದರಲ್ಲಿ ಮದುವೆಯ ಮಾತಿರಲಿಲ್ಲ, ನೀನು ಸಿದ್ಧನಾಗುವ ತನಕ ಕಾಯಿ ಅಂತಷ್ಟೇ ಇತ್ತು. ಕಾಂಡೋಮ್ ಬಗ್ಗೆ ಸುಳ್ಳು ಹೇಳಿರಲಿಲ್ಲ. ಹೆದರಿಸಿರಲಿಲ್ಲ. ಮಕ್ಕಳೇ ಯೋಚಿಸಿ ಕಾರಣ ಹುಡುಕುವಂತೆ ಮಾಡಿದ್ದರು. ಇತ್ತ ಗರ್ಭನಿರೋಧಕಗಳ ಮಾಹಿತಿಯನ್ನೂ ಸೇರಿಸಿ ಕಲಿಸುವ ಪಾಠಗಳಿಂದ ಮಕ್ಕಳು ಬೇಗ ಶುರುಮಾಡುವುದಿಲ್ಲ, ಎಷ್ಟೋ ಕಡೆ ತಡವಾಗಿಯೇ ಶುರುಮಾಡುತ್ತಾರೆ ಅಂತ ಡಗ್ಲಸ್ ಕರ್ಬಿ 2007ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟು ಮಾಡಿ ತೋರಿಸಿದ್ದರು. ಹೆಲ್ಮೆಟ್ ಕೊಡಿಸಿದರೆ ಮಗ ಬೈಕನ್ನು ಜೋರಾಗಿ ಓಡಿಸ್ತಾನೆ ಅನ್ನೋ ಅಪ್ಪನ ಭಯದಂಥದ್ದು ಈ ಭಯ.

ಅಮೆರಿಕದಲ್ಲಿ 1991ರಲ್ಲಿ 15–19 ವಯಸ್ಸಿನ ಪ್ರತಿ ಸಾವಿರ ಹುಡುಗಿಯರಿಗೆ 61.8 ಹೆರಿಗೆಗಳಾಗುತ್ತಿದ್ದವು. 2023ರಲ್ಲಿ 13.1. 1995ರಿಂದ 2002ರ ನಡುವೆ ಈ ವಯಸ್ಸಿನ ಹುಡುಗಿಯರು ಗರ್ಭಿಣಿಯರಾಗುವುದು ಕಡಿಮೆಯಾದದ್ದರಲ್ಲಿ ಶೇಕಡಾ 86ರಷ್ಟಕ್ಕೆ ಗರ್ಭನಿರೋಧಕಗಳ ಉತ್ತಮ ಬಳಕೆ ಕಾರಣ, ಉಳಿದದ್ದು ಸಂಯಮದಿಂದ ಅಂತ ಜಾನ್ ಸ್ಯಾಂಟೆಲ್ಲಿ ಮತ್ತು ಸಂಗಡಿಗರು 2007ರಲ್ಲಿ ಲೆಕ್ಕ ಹಾಕಿದ್ದರು. ಇಷ್ಟಾದರೂ 'ಬೇಡ' ಪಾಠದ ಹಣ ನಿಂತಿಲ್ಲ. 2010ರಲ್ಲಿ ಒಬಾಮಾ ಸರ್ಕಾರ ಬೇರೆ ರೀತಿಯ ಪಾಠಗಳಿಗೆ ಹಣ ಕೊಡಲು ಶುರುಮಾಡಿತು. ಹಳೆಯ ಯೋಜನೆಯೂ ಅದೇ ವರ್ಷ ಮರುಜೀವ ಪಡೆಯಿತು. 2018ರಲ್ಲಿ ಅದಕ್ಕೆ ಹೊಸ ಹೆಸರೂ ಬಂತು.

ಇದೆಲ್ಲ ಅಮೆರಿಕದ ಕಥೆ, ನಮಗೇನು ಅಂತ ಕೇಳಬಹುದು. ಮ್ಯಾಥಮ್ಯಾಟಿಕಾ ವರದಿ ಬಂದ ಅದೇ 2007ರಲ್ಲಿ, ನಮ್ಮ ಕೇಂದ್ರ ಸರ್ಕಾರ ಎರಡು ವರ್ಷ ಹಿಂದೆ ತಂದಿದ್ದ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಜೊತೆಗೆ ಕರ್ನಾಟಕವೂ ಬೇಡ ಅಂದಿತು. ಆಗ ಎಚ್‌ಐವಿ ಹೆಚ್ಚಿದ್ದ ಆರು ರಾಜ್ಯಗಳ ಪಟ್ಟಿಯಲ್ಲಿ ನಮ್ಮದೂ ಒಂದು. 2009ರ ಏಪ್ರಿಲ್‌ನಲ್ಲಿ ವೆಂಕಯ್ಯ ನಾಯ್ಡು ಅಧ್ಯಕ್ಷತೆಯ ರಾಜ್ಯಸಭೆಯ ಅರ್ಜಿಗಳ ಸಮಿತಿ ವರದಿ ಕೊಟ್ಟಿತು. ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಡ, ಎಚ್‌ಐವಿ ಮತ್ತು ಹದಿಹರೆಯದ ದೇಹದ ಬೆಳವಣಿಗೆಯ ಪಾಠಗಳು ಪಿಯುಸಿ ಹಂತದ ಜೀವಶಾಸ್ತ್ರಕ್ಕೆ ಹೋಗಲಿ, ಮದುವೆಗೆ ಮುಂಚಿನ ಸಂಬಂಧ ಅನೈತಿಕ ಮತ್ತು ಅನಾರೋಗ್ಯಕರ ಎಂಬ ಸಂದೇಶ ಮಕ್ಕಳಿಗೆ ಹೋಗಲಿ. ಪಾಶ್ಚಾತ್ಯರದ್ದು ಬೇಡ ಅನ್ನುತ್ತಲೇ, ಪಾಶ್ಚಾತ್ಯರು 1996ರಲ್ಲಿ ಬರೆದು 2007ರಲ್ಲಿ ಅವರದೇ ಪರೀಕ್ಷೆಯಲ್ಲಿ ಫೇಲಾದ ಸ್ಪೆಕ್ಕನ್ನೇ ನಾವು ಹೆಚ್ಚುಕಡಿಮೆ ಮತ್ತೆ ಬರೆದೆವು.

ಆ ತೀರ್ಮಾನಗಳ ಹೊತ್ತಿಗೆ ನಾನು ಇನ್ನೂ ಸಣ್ಣ ಹುಡುಗ. ಅದಾದ ಮೇಲೆ ಹೈಸ್ಕೂಲಿಗೆ ಹೋದ ಪೀಳಿಗೆ ನಮ್ಮದು. "ಈ ಪಾಠ ಮನೇಲಿ ಓದ್ಕೊಳ್ಳಿ" ಎಂಬ ಮಾತು ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆಯೋ! ಮನೆಯಲ್ಲಿ ಯಾರೂ ಓದಿಸಲಿಲ್ಲ. ಇಂಟರ್ನೆಟ್ ಓದಿಸಿತು, ಹೇಗೆ ಅಂತ ಬಿಡಿಸಿ ಹೇಳಬೇಕಿಲ್ಲ. ಸಂಯಮ ಅಂದರೇನು, ಒಪ್ಪಿಗೆ ಅಂದರೇನು, ಯಾರಾದರೂ ಮೈ ಮುಟ್ಟಿದರೆ ಯಾರಿಗೆ ಹೇಳಬೇಕು ಅನ್ನುವುದು ಅಲ್ಲಿ ಸಿಗಲಿಲ್ಲ.

ಇನ್ನೊಂದು ವಿಷಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 20–24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇಕಡಾ 23.3 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು. 'ಮದುವೆ ತನಕ ಬೇಡ' ಅನ್ನುವ ಪಾಠ ಈ ಹುಡುಗಿಗೆ ಏನು ಹೇಳುತ್ತದೆ? ಅವಳಿಗೆ ಹದಿನಾರಕ್ಕೇ ಮದುವೆ ಆಗಿಹೋಗಿದೆ. ಪಾಠ ಅಲ್ಲಿಗೆ ಮುಗಿಯಿತು. ಗರ್ಭ, ಅಂತರ, ರೋಗ, 'ಬೇಡ' ಅನ್ನುವ ಹಕ್ಕು ಇವೆಲ್ಲ ಅವಳಿಗೆ ಬೇಕಾಗುವುದು ಅಲ್ಲಿಂದ ಮುಂದೆ.

2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ತೀರ್ಪಿನಲ್ಲಿ, ಲೈಂಗಿಕ ಶಿಕ್ಷಣ ಪಾಶ್ಚಾತ್ಯ ಕಲ್ಪನೆ ಎಂಬ ತಪ್ಪು ತಿಳಿವಳಿಕೆ ಹೋಗಬೇಕು ಅಂತ ಹೇಳಿತು. ಒಳ್ಳೆಯದೇ. ಹಾಗೆಂದು ಅಪ್ಪ ಅಮ್ಮಂದಿರ ಆತಂಕವನ್ನು ಗೇಲಿ ಮಾಡುವುದೂ ನನಗೆ ಇಷ್ಟವಿಲ್ಲ. ಮಕ್ಕಳು ಸ್ವಲ್ಪ ಕಾಯಲಿ ಅನ್ನುವ ಆಸೆ ಎಲ್ಲ ಕಡೆಯವರಿಗೂ ಇದೆ, ನನಗೂ ಇದೆ. ಕೂಪ್ ಅಜ್ಜನಿಗೂ ಇತ್ತು. ಕಾಯಿ ಅಂತ ಹೇಳೋಣ, ಯಾಕೆ ಅಂತಲೂ ಹೇಳೋಣ, ಕಾಯಲಾಗದವರು ಏನು ಮಾಡಬೇಕು ಅನ್ನುವುದನ್ನೂ ಮುಚ್ಚಿಡದೆ ಹೇಳೋಣ.

ನಿಮ್ಮ ಶಾಲೆಯಲ್ಲಿ ಆ ಪಾಠ ಮಾಡಿದ ಮೇಷ್ಟ್ರು ಯಾರಾದರೂ ಇದ್ದರಾ? ಇದ್ದಿದ್ದರೆ ಅವರು ಹೇಗೆ ಹೇಳಿಕೊಟ್ಟರು ಅಂತ ದಯವಿಟ್ಟು ಬರೆಯಿರಿ. ಅಂಥವರ ಕಥೆ ಕೇಳುವ ಆಸೆ ನನಗೆ.